ಹಾಸ್ಟೆಲ್ ಮಂಚಕ್ಕಾಗಿ ಎಂ.ಎ.

ಧಾರವಾಡದಲ್ಲೋ ಮೈಸೂರಿನ ಮಾನಸಗಂಗೋತ್ರಿಯಲ್ಲೋ ಎಂ.ಎ. ಮೊದಲ ವರ್ಷದ ಹುಡುಗರನ್ನು "ಯಾಕೆ ಸೇರಿದ್ರಿ?" ಅಂತ ಕೇಳಿ ನೋಡಿ. ಮೇಷ್ಟ್ರು ಪಕ್ಕದಲ್ಲಿದ್ದರೆ ಇತಿಹಾಸದ ಮೇಲೆ ಆಸಕ್ತಿ ಅಂತಾರೆ. ಮೇಷ್ಟ್ರು ಅತ್ತ ಹೋದ ಮೇಲೆ ನಿಜ ಹೊರಬರುತ್ತದೆ. "ಹಾಸ್ಟೆಲ್ ಸಿಗ್ತದ್ರಿ ಸರ್. ಎರಡು ವರ್ಷ ಕುಂತು ಓದಬಹುದು." ಓದೋದು ಅಂದರೆ ಇಲ್ಲಿ ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ಎಲ್ಲವೂ ಸರ್ಕಾರಿ ಕೆಲಸದ ಪರೀಕ್ಷೆಗಳು. ಎಂ.ಎ. ಸಿಲೆಬಸ್ಸು ಆಮೇಲೆ.

ಇದನ್ನು ಕೇಳಿ ಬೇಜಾರಾಗುವ ಪ್ರೊಫೆಸರುಗಳನ್ನು ನೋಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಹುಡುಗರ ಲೆಕ್ಕ ಸರಿಯಾಗಿಯೇ ಇದೆ. ಪೇಟೆಯಲ್ಲಿ ರೂಮು ಮಾಡಿ, ಮೆಸ್ಸಿಗೆ ದುಡ್ಡು ಕಟ್ಟಿ, ಕೋಚಿಂಗಿಗೆ ಸೇರಿ ಎರಡು ವರ್ಷ ಕೂರುವಷ್ಟು ದುಡ್ಡು ಮನೆಯಲ್ಲಿಲ್ಲ. ಒಂದು ಎಂ.ಎ. ಸೀಟು ಸಿಕ್ಕರೆ ಮಂಚ, ಎರಡು ಹೊತ್ತಿನ ಊಟ, ಲೈಬ್ರರಿ ಕಾರ್ಡು ಮೂರೂ ಒಟ್ಟಿಗೆ ಸಿಗುತ್ತವೆ. ಜೊತೆಗೆ ಊರಲ್ಲಿ "ಏನ್ ಮಾಡ್ತಿದಾನೆ ನಿಮ್ಮ ಮಗ?" ಅಂತ ಕೇಳುವವರಿಗೆ ಒಂದು ಉತ್ತರ. ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬದುಕು ಅಂದಾಗ ನಾವು ಪಾಠ, ಪದವಿ, ಸಂಶೋಧನೆ ಅಂತೆಲ್ಲ ಮಾತಾಡುತ್ತೇವೆ. ಅಲ್ಲಿರುವವರ ಮಟ್ಟಿಗೆ ವಿಶ್ವವಿದ್ಯಾಲಯ ಮೊದಲು ಒಂದು ಜಾಗ. ಈ ಜಾಗ ಯಾರ ದುಡ್ಡಿನಲ್ಲಿ ನಡೀತಿದೆ, ಯಾಕೆ ಕುಸೀತಿದೆ ಅನ್ನೋದನ್ನು ಬಿಡಿಸಿ ನೋಡಬೇಕು.

ಬರುವವರು ಯಾರು ಅನ್ನೋದರಿಂದ ಶುರು ಮಾಡೋಣ. ದುಡ್ಡಿರುವ ಮನೆಯ ಮಕ್ಕಳು ಪಿಯುಸಿ ಮುಗಿಸಿ ಎಂಜಿನಿಯರಿಂಗ್‌ಗೋ ಖಾಸಗಿ ವಿ.ವಿ.ಗೋ ಹೋಗಿ ಬಹಳ ಕಾಲವಾಯಿತು. ಮೈಸೂರು, ಕರ್ನಾಟಕ, ಗುಲ್ಬರ್ಗಾ, ಕುವೆಂಪು ವಿ.ವಿ.ಗಳ ಕಲಾ ವಿಭಾಗಗಳಿಗೆ ಈಗ ಬರುವವರು ಹೆಚ್ಚಾಗಿ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನಿಂದ ಬಂದವರು. ಅಪ್ಪ ಅಮ್ಮ ಹೈಸ್ಕೂಲು ದಾಟಿರುವುದಿಲ್ಲ. ಇವರನ್ನು ಇಲ್ಲಿವರೆಗೆ ತಂದದ್ದರಲ್ಲಿ ಹಾಸ್ಟೆಲುಗಳ ಪಾಲು ದೊಡ್ಡದು. 1970ರ ದಶಕದಲ್ಲಿ ದೇವರಾಜ ಅರಸು ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಊರೂರಿಗೆ ಹರಡಿದವು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳೂ ಬೆಳೆದವು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಶುರುವಿನಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಟ್ಟ ವಿದ್ಯಾಸಿರಿ ಯೋಜನೆ 2013ರ ನಂತರ ಬಂತು. ಆ 1,500 ರೂಪಾಯಿಯಲ್ಲಿ ಇವತ್ತು ಮೈಸೂರಲ್ಲಿ ಊಟ, ವಸತಿ ಎರಡೂ ಆಗೋ ಮಾತಲ್ಲ. ಆದರೂ ಅದಿಲ್ಲದೆ ಎಷ್ಟೋ ಜನ ಊರು ಬಿಡುತ್ತಲೇ ಇರಲಿಲ್ಲ.

ಬೆಳಗ್ಗೆ ಲೈಬ್ರರಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಬ್ಯಾಗುಗಳ ಸಾಲು. ಬಾಗಿಲು ತೆಗೆದ ಕೂಡಲೇ ಓಟ. ಫ್ಯಾನು, ಕಿಟಕಿ, ಫೋನ್ ಚಾರ್ಜಿಂಗ್ ಪಾಯಿಂಟು ಮೂರೂ ಹತ್ತಿರ ಇರುವ ಕುರ್ಚಿ ಸಿಕ್ಕವನು ಆ ದಿನದ ರಾಜ. ಕುರ್ಚಿ ಮೇಲೊಂದು ನೋಟ್‌ಬುಕ್ಕು ಇಟ್ಟು ತಿಂಡಿಗೆ ಹೋದರೆ ಯಾರೂ ಕೂರುವುದಿಲ್ಲ. ಯಾರೂ ಬರೆದಿಡದ ಕಾನೂನು ಇದು, ಆವರಣದ ಬೇರೆ ಎಲ್ಲ ಕಾನೂನಿಗಿಂತ ಚೆನ್ನಾಗಿ ನಡೆಯುತ್ತದೆ. ಮೇಜಿನ ಮೇಲೆ ವಿಭಾಗದ ಪುಸ್ತಕ ಕಾಣುವುದು ಅಪರೂಪ. ಸಾಮಾನ್ಯ ಜ್ಞಾನದ ಮಾಸಪತ್ರಿಕೆ, ಹಳೇ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ಕಟ್ಟು, ಹೈಲೈಟರ್ ಬಳಿದ ಸಂವಿಧಾನದ ನೋಟ್ಸು. ರ‍್ಯಾಕಿನಲ್ಲಿರುವ ಒಳ್ಳೊಳ್ಳೆ ಪುಸ್ತಕಗಳು ಧೂಳು ತಿನ್ನುತ್ತಿರುತ್ತವೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ.

ರಾತ್ರಿ ರೂಮಿನಲ್ಲಿ ಇಬ್ಬರ ಜಾಗದಲ್ಲಿ ಮೂವರು. ಮೂರನೆಯವನು ಹೋದ ವರ್ಷ ಪಾಸಾದವನು. ರಿಜಿಸ್ಟರಿನಲ್ಲಿ ಅವನ ಹೆಸರಿಲ್ಲ. ವಾರ್ಡನ್‌ಗೆ ಗೊತ್ತಿಲ್ಲ ಅಂತಲ್ಲ, ಗೊತ್ತಿದ್ದೂ ಸುಮ್ನಿರ್ತಾರೆ. ನಾಳೆ ಅವನೇ ಪಿಎಸ್‌ಐ ಆಗಿ ಬಂದರೆ?

ಕ್ಲಾಸಿನ ವಿಷಯಕ್ಕೆ ಬರೋಣ. ಪಾಠ ಮಾಡುವವರಲ್ಲಿ ಈಗ ಬಹಳಷ್ಟು ಜನ ಅತಿಥಿ ಉಪನ್ಯಾಸಕರು. ಕಾಯಂ ಹುದ್ದೆಗಳು ನಿವೃತ್ತಿಯಿಂದ ಖಾಲಿಯಾಗುತ್ತಾ ಹೋದವು, ತುಂಬಲಿಲ್ಲ. ಕೆಲವು ವಿಭಾಗಗಳಲ್ಲಿ ಒಬ್ಬರೋ ಇಬ್ಬರೋ ಪ್ರೊಫೆಸರು ಉಳಿದಿದ್ದಾರೆ. ಅವರೇ ಮುಖ್ಯಸ್ಥರು, ಅವರೇ ಪರೀಕ್ಷಾ ಮಂಡಳಿ, ವಿ.ವಿ.ಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿಗೂ ಅವರೇ, ಜೊತೆಗೆ ಯಾವುದಾದರೊಂದು ಅಧ್ಯಯನ ಪೀಠದ ಉಸ್ತುವಾರಿ ಬೇರೆ. ಪಾಠಕ್ಕೆ ಪುರುಸೊತ್ತೆಲ್ಲಿ? ಅತಿಥಿ ಉಪನ್ಯಾಸಕರಿಗೆ ಒಂದು ಕ್ಲಾಸಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲೇ ಹೇಳಿದೆ. ನಮ್ಮಲ್ಲಿ ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ, ಅದೂ ತಿಂಗಳುಗಟ್ಟಲೆ ತಡವಾಗಿ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ 2023ರ ಕೊನೆಗೆ ಪಾಠ ನಿಲ್ಲಿಸಿ ಧರಣಿ ಕೂತದ್ದು, 2024ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ನಡೆದೇ ಹೊರಟದ್ದು ನೆನಪಿರಬಹುದು. ವಿ.ವಿ. ಆವರಣದ ಕಥೆ ಅದಕ್ಕಿಂತ ಬೇರೆಯಲ್ಲ. ಮುಂದಿನ ವರ್ಷ ತಾನಿರ್ತೀನೋ ಇಲ್ವೋ ಗೊತ್ತಿಲ್ಲದ ಮೇಷ್ಟ್ರು ಸಿಲೆಬಸ್ಸಿನ ಹೊಸ ಪತ್ರಿಕೆಗೆ ಯಾಕೆ ತಯಾರಾಗಬೇಕು? ಆದರೂ ಆಗ್ತಾರೆ, ಹಲವರು. ನಾನು ಕಂಡ ಒಳ್ಳೆಯ ಪಾಠಗಳಲ್ಲಿ ಅರ್ಧ ಇವರದೇ.

ಭಾಷೆಯ ಸಮಸ್ಯೆ ಕಾಡುವುದು ಇಲ್ಲಿ. ಬಿ.ಎ.ವರೆಗೆ ಕನ್ನಡದಲ್ಲೇ ಓದಿದ ಹುಡುಗಿ ಅರ್ಥಶಾಸ್ತ್ರದ ಎಂ.ಎ.ಗೆ ಬರುತ್ತಾಳೆ. ಪಟ್ಟಿಯಲ್ಲಿರುವ ಪುಸ್ತಕಗಳೆಲ್ಲ ಇಂಗ್ಲಿಷು. ಮೇಷ್ಟ್ರು ಇಂಗ್ಲಿಷಲ್ಲಿ ಬರೆಸಿ ಕನ್ನಡದಲ್ಲಿ ಬಿಡಿಸಿ ಹೇಳ್ತಾರೆ. ಪರೀಕ್ಷೆ ಕನ್ನಡದಲ್ಲಿ ಬರೀಬಹುದು. ಬರೆಯಲು ಬೇಕಾದ ಕನ್ನಡ ಎಲ್ಲಿದೆ? ಸೀನಿಯರ್ ಕೈಬರಹದ ನೋಟ್ಸಿನಲ್ಲಿ. ಆ ನೋಟ್ಸು ಝೆರಾಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ಬದುಕುತ್ತದೆ, ತಪ್ಪುಗಳ ಸಮೇತ. 1950ರ ದಶಕದ ಕೊನೆಯಲ್ಲಿ ಮೈಸೂರು ವಿ.ವಿ. ಕುಲಪತಿಯಾಗಿದ್ದ ಕುವೆಂಪು ಉನ್ನತ ಶಿಕ್ಷಣ ಕನ್ನಡದಲ್ಲಿ ಆಗಬೇಕು ಅಂತ ಪಟ್ಟು ಹಿಡಿದಿದ್ದರು. ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಹೆಸರು ಗಟ್ಟಿಯಾಗಿ ನಿಂತಿತು, ಸಾಕಷ್ಟು ಪಠ್ಯಪುಸ್ತಕ ಬರಲಿಲ್ಲ. ಎಂ.ಎ. ಮುಗಿದ ಮೇಲೆ ಇದರ ಬಿಸಿ ಇನ್ನೂ ಜಾಸ್ತಿ. ಭಾಷಾ ವಿಷಯಗಳನ್ನು ಬಿಟ್ಟರೆ ಉಪನ್ಯಾಸಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಎನ್‌ಇಟಿ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಉತ್ತರ ಪ್ರದೇಶದ ಹುಡುಗ ತನ್ನ ಭಾಷೆಯಲ್ಲಿ ಪ್ರಶ್ನೆ ಓದುತ್ತಾನೆ, ಕೊಪ್ಪಳದ ಹುಡುಗನಿಗೆ ಆ ಭಾಗ್ಯವಿಲ್ಲ. ಕನ್ನಡದಲ್ಲಿ ಪ್ರಶ್ನೆ ಕಾಣಬೇಕಾದರೆ ರಾಜ್ಯದ್ದೇ ಅರ್ಹತಾ ಪರೀಕ್ಷೆ ಕೆ-ಸೆಟ್‌ವರೆಗೆ ಕಾಯಬೇಕು. ಎನ್‌ಇಟಿ ಬರೆದು ಮೇಲಿನ ಸ್ಥಾನ ಪಡೆದವರಿಗೆ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಕೆ-ಸೆಟ್‌ಗೆ ಅಂಥ ದುಡ್ಡೇನೂ ಇಲ್ಲ.

ಸ್ಕಾಲರ್‌ಶಿಪ್ಪಿನ ಕಥೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅದಕ್ಕೆ ಊರಿನ ನಾಡಕಚೇರಿ. ಪ್ರಮಾಣಪತ್ರದಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹೆಸರು, ಆಧಾರ್‌ನ ಹೆಸರು ಮೂರೂ ಒಂದೇ ಆಗಿರಬೇಕು. ಒಂದರಲ್ಲಿ ಅಪ್ಪನ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಕಥೆ ಮುಗೀತು. ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಆಗಿದೆ ಅಂತ ಬ್ಯಾಂಕಿನವರು ಹೇಳ್ತಾರೆ, ಆಗಿಲ್ಲ ಅಂತ ಪೋರ್ಟಲ್ ಹೇಳುತ್ತೆ. ವಿ.ವಿ. ಕಚೇರಿಯಲ್ಲಿ ವೆರಿಫೈ ಮಾಡುವ ಗುಮಾಸ್ತರು ಈ ವಾರ ರಜೆ. ಇಷ್ಟೆಲ್ಲ ದಾಟಿ ದುಡ್ಡು ಖಾತೆಗೆ ಬೀಳುವಷ್ಟರಲ್ಲಿ ಕೆಲವರ ಕೋರ್ಸೇ ಮುಗಿದಿರುತ್ತದೆ. ಅಲ್ಲಿವರೆಗೆ ಫೀಸಿಗೆ ಅಮ್ಮನ ಸ್ವಸಹಾಯ ಸಂಘದ ಸಾಲ. ಸೋರಿಕೆ ತಡೆಯಲು ಮಾಡಿದ ವ್ಯವಸ್ಥೆ ಇದು. ಸೋರಿಕೆ ತಡೆಯಿತೇನೋ, ಆದರೆ ಕಾಯುವ ಬಡ್ಡಿ ಬಡವರ ತಲೆ ಮೇಲೆಯೇ ಬಿತ್ತು.

ಹೆಣ್ಣುಮಕ್ಕಳ ಬದುಕಿನಲ್ಲಿ ಎರಡು ವಿರುದ್ಧ ಎಳೆತಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆಧಾರ್ ಕಾರ್ಡು ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ಟಿನಲ್ಲಿ ಐವತ್ತು ಅರವತ್ತು ಕಿಲೋಮೀಟರು ಓಡಾಡುವುದು ಸಾಧ್ಯವಾಯಿತು. ಹಾಸ್ಟೆಲ್ ಬೇಡ, ಬೇಕಾದರೆ ಮನೆಯಿಂದಲೇ ಹೋಗಿ ಬಾ ಅಂತ ಅಪ್ಪಂದಿರು ಒಪ್ಪಿದರು. ಓದು ನಿಲ್ಲುತ್ತಿದ್ದ ಎಷ್ಟೋ ಕಡೆ ನಿಲ್ಲಲಿಲ್ಲ. ಆದರೆ ಇವರು ಮೂರೂವರೆ ಬಸ್ಸಿಗೆ ಹೊರಡಬೇಕು. ಸಂಜೆಯ ಲೈಬ್ರರಿ, ನಾಟಕದ ರಿಹರ್ಸಲ್ಲು, ಸುಮ್ನೆ ಕಟ್ಟೆ ಮೇಲೆ ಕೂತು ಹರಟುವುದು ಇವೆಲ್ಲ ಅವರಿಗೆ ಸಿಗುವುದೇ ಇಲ್ಲ. ಹಾಸ್ಟೆಲಿನಲ್ಲಿರುವವರಿಗೆ ಗೇಟಿನ ಟೈಮು. ಹುಡುಗರು ರಾತ್ರಿ ಹತ್ತರವರೆಗೆ ರೀಡಿಂಗ್ ರೂಮಿನಲ್ಲಿರುತ್ತಾರೆ, ಹುಡುಗಿಯರು ಕತ್ತಲಾಗುವ ಮೊದಲೇ ಒಳಗೆ. 2021ರ ಆಗಸ್ಟಿನಲ್ಲಿ ಚಾಮುಂಡಿ ಬೆಟ್ಟದ ಬಳಿ ಸಾಮೂಹಿಕ ಅತ್ಯಾಚಾರ ನಡೆದಾಗ ಮೈಸೂರು ವಿ.ವಿ. ಮೊದಲು ಹೊರಡಿಸಿದ ಸುತ್ತೋಲೆ ಏನು ಗೊತ್ತಾ? ಸಂಜೆ ಆರೂವರೆ ನಂತರ ವಿದ್ಯಾರ್ಥಿನಿಯರು ಆವರಣದಲ್ಲಿ ಒಬ್ಬರೇ ಓಡಾಡುವಂತಿಲ್ಲ. ನಾಲ್ಕೂ ಕಡೆಯಿಂದ ಟೀಕೆ ಬಂದ ಮೇಲೆ ಅದು ವಾಪಸಾಯಿತು. ಸುತ್ತೋಲೆ ಹೋದರೂ ಅದರ ಹಿಂದಿನ ಯೋಚನೆ ಎಷ್ಟೋ ಹಾಸ್ಟೆಲ್ ಗೇಟುಗಳಲ್ಲಿ ಹಾಗೇ ಇದೆ.

ಇದನ್ನೆಲ್ಲ ವಿದ್ಯಾರ್ಥಿಗಳ ಪರವಾಗಿ ಕೇಳುವವರು ಯಾರು? ಚುನಾಯಿತ ವಿದ್ಯಾರ್ಥಿ ಸಂಘಗಳು ಕರ್ನಾಟಕದಲ್ಲಿ 1980ರ ದಶಕದ ಕೊನೆಯಿಂದ ಇಲ್ಲ. ಚುನಾವಣೆಯಲ್ಲಿ ಹೊಡೆದಾಟ ಜಾಸ್ತಿ ಅಂತ ನಿಲ್ಲಿಸಿದರು, ಮತ್ತೆ ಶುರು ಮಾಡಲಿಲ್ಲ. ಮತ್ತೆ ಬೇಕು ಅನ್ನುವ ಮಾತು ಈಚೆಗೆ ಏಳುತ್ತಿದೆ. ಸದ್ಯಕ್ಕೆ ಸಾಂಬಾರಲ್ಲಿ ಹುಳ ಸಿಕ್ಕರೆ ತಟ್ಟೆ ಹಿಡಿದು ಆಡಳಿತ ಭವನದ ಮುಂದೆ ಕೂರುವುದೇ ದಾರಿ. ಎರಡು ದಿನ ಊಟ ಸುಧಾರಿಸುತ್ತದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಬೇರು ಇರುವುದು ಅಲ್ಲೇ. ಅರಸೀಕೆರೆಯಲ್ಲಿ ಬಿ.ಕಾಂ. ಓದುವ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಅವಳು ಮಾನಸಗಂಗೋತ್ರಿಯ ಗೇಟನ್ನೂ ನೋಡಿಲ್ಲ. ಆದರೆ ಕೆಲವು ವರ್ಷಗಳ ಹಿಂದಿನವರೆಗೆ ಅವಳ ಕಾಲೇಜು ಮೈಸೂರು ವಿ.ವಿ.ಗೆ ಸೇರಿತ್ತು. ಪ್ರತಿ ಸೆಮಿಸ್ಟರಿಗೂ ಅವಳು ಕಟ್ಟಿದ ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕ, ಮಾರ್ಕ್ಸ್ ಕಾರ್ಡಿನ ಶುಲ್ಕ ಮೈಸೂರಿಗೆ ಹೋಗುತ್ತಿತ್ತು. ವಿ.ವಿ.ಗೆ ಸೇರಿದ್ದಕ್ಕೆ ಕಾಲೇಜು ಕಟ್ಟುವ ಸಂಯೋಜನಾ ಶುಲ್ಕ ಬೇರೆ. ಇಂಥ ಸಾವಿರಾರು ಹುಡುಗಿಯರ ದುಡ್ಡೇ ಸರ್ಕಾರಿ ವಿ.ವಿ.ಯ ಸ್ವಂತ ಆದಾಯದ ದೊಡ್ಡ ಭಾಗ. ಕಾಯಂ ನೌಕರರ ಸಂಬಳಕ್ಕೆ ಸರ್ಕಾರ ಕೊಡುತ್ತದೆ. ಅತಿಥಿ ಉಪನ್ಯಾಸಕರು, ಕರೆಂಟು, ಲ್ಯಾಬು, ಹಾಸ್ಟೆಲ್ ದುರಸ್ತಿ ಇವಕ್ಕೆ ಈ ಸ್ವಂತ ಆದಾಯವೇ ಗತಿ. ಪಿಂಚಣಿಗೆ ಸರ್ಕಾರದ ಅನುದಾನ ಸಾಲದೆ ಹೋದಾಗಲೂ ಕೈ ಹಾಕುವುದು ಇಲ್ಲಿಗೇ. ಅಂದರೆ ಮೈಸೂರಿನ ಹಾಸ್ಟೆಲಿನ ಬಲ್ಬು ಉರಿಯುತ್ತಿದ್ದದ್ದು ಅರಸೀಕೆರೆಯ ಪರೀಕ್ಷಾ ಶುಲ್ಕದಿಂದ.

2023ರಲ್ಲಿ ಈ ಲೆಕ್ಕ ಬುಡಮೇಲಾಯಿತು. ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗು ಹೀಗೆ ಏಳು ಹೊಸ ವಿ.ವಿ.ಗಳು ಒಂದೇ ಏಟಿಗೆ ಬಂದವು. ಜಿಲ್ಲೆಗೊಂದು ವಿ.ವಿ. ಅನ್ನೋದು ಕೇಳಲು ಚೆಂದ. ಹೊಸ ಕಟ್ಟಡ, ಹೊಸ ಹುದ್ದೆ ಅಂತ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರ, ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ ಮೊದಲೇ ಇದ್ದ ಸ್ನಾತಕೋತ್ತರ (ಪಿಜಿ) ಸೆಂಟರುಗಳ ಬೋರ್ಡು ಬದಲಾಯಿತು. ಅಲ್ಲಿದ್ದದ್ದು ಹೆಚ್ಚಾಗಿ ಅತಿಥಿ ಉಪನ್ಯಾಸಕರು, ಈಗಲೂ ಅವರೇ. ಬದಲಾದದ್ದು ಪರೀಕ್ಷಾ ಶುಲ್ಕ ಹೋಗುವ ಖಾತೆ. ಮಂಡ್ಯಕ್ಕೂ ಬೇರೆ ವಿ.ವಿ. ಆಗಿದ್ದರಿಂದ ಮಂಡ್ಯ, ಹಾಸನ, ಚಾಮರಾಜನಗರ ಮೂರೂ ಕೈಬಿಟ್ಟು ಹೋಗಿ ಮೈಸೂರು ವಿ.ವಿ. ಒಂದು ಜಿಲ್ಲೆಗೆ ಬಂದು ನಿಂತಿತು. ಮಂಗಳೂರಿನ ಕೈಯಿಂದ ಕೊಡಗು ಹೋಯಿತು. ಕರ್ನಾಟಕ ವಿ.ವಿ. 2010ರಲ್ಲೇ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಳೆದುಕೊಂಡಿತ್ತು, ಈಗ ಹಾವೇರಿಯೂ ಇಲ್ಲ. ಅಣ್ಣತಮ್ಮಂದಿರು ಎರಡೆಕರೆ ಜಮೀನು ಪಾಲು ಮಾಡಿಕೊಂಡು ಕೊನೆಗೆ ಯಾರ ಹೊಟ್ಟೆಯೂ ತುಂಬದ ಹಾಗಾಯಿತು. ಹಳೇ ವಿ.ವಿ.ಗಳಿಗೆ ನಿವೃತ್ತರ ಪಿಂಚಣಿ ಕೊಡುವುದೇ ಕಷ್ಟ, ಹೊಸವಕ್ಕೆ ನಾಳೆಯ ಖರ್ಚು ಕಷ್ಟ.

ಇದರ ಪರಿಣಾಮ ಹುಡುಗರ ದಿನದಲ್ಲಿ ಹೇಗೆ ಕಾಣುತ್ತದೆ? ಫೀಸು ಏರುತ್ತದೆ. ಒಂದು ವಿಷಯ ಹೋದರೆ ಮತ್ತೆ ಕಟ್ಟುವ ಶುಲ್ಕ ಏರುತ್ತದೆ. ವಿದ್ಯಾರ್ಥಿಗಳು ಕಡಿಮೆ ಇರುವ ಪಿಜಿ ಕೋರ್ಸು ನಿಲ್ಲಿಸುವ ಮಾತು ಬರುತ್ತದೆ. ಆದಾಯ ಬರುವುದು ಪರೀಕ್ಷೆಯಿಂದ ಅಂದಮೇಲೆ ಆಡಳಿತ ಭವನದ ಗಮನವೆಲ್ಲ ಪರೀಕ್ಷೆಯ ಮೇಲೆ ಇರಬೇಕಲ್ವಾ? ಆ ಕೆಲಸವೂ ಸುಸೂತ್ರ ಆಗುವುದಿಲ್ಲ. ಎಲ್ಲ ವಿ.ವಿ.ಗಳಿಗೂ ಒಂದೇ ಆದ ಯುಯುಸಿಎಂಎಸ್ ತಂತ್ರಾಂಶ ತಂದ ಮೇಲೆ ಫಲಿತಾಂಶ ತಡ, ಇಂಟರ್ನಲ್ಸ್ ಅಂಕ ಕಾಣುತ್ತಿಲ್ಲ, ಬರೆದ ಪರೀಕ್ಷೆಗೆ ಗೈರು ಅನ್ನುವ ದೂರುಗಳು ಮುಗಿದಿಲ್ಲ. ಅದರ ಮೇಲೆ ಸರ್ಕಾರಗಳ ಹಗ್ಗಜಗ್ಗಾಟ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ದೇಶಕ್ಕೇ ಮೊದಲು ನಾವೇ ಅಂತ ನಾಲ್ಕು ವರ್ಷದ ಪದವಿ ತಂದರು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದರು. ಆ ವರ್ಷ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷಕ್ಕೆ ಒಂದು ನೀತಿ, ಎರಡು ಮೂರನೇ ವರ್ಷಕ್ಕೆ ಇನ್ನೊಂದು, ಹಳೇ ಬ್ಯಾಕ್ ಉಳಿಸಿಕೊಂಡವರಿಗೆ ಮತ್ತೊಂದು. ಪ್ರಶ್ನೆಪತ್ರಿಕೆ ಕಟ್ಟು ಒಡೆಯುವಾಗ ಮೇಲ್ವಿಚಾರಕರು ಕೋಡ್ ನಂಬರನ್ನು ಎರಡೆರಡು ಸಲ ನೋಡಬೇಕಾದ ಪರಿಸ್ಥಿತಿ.

ಆ ಕಡೆ ಹುಡುಗರು ಕಾಯುತ್ತಿರುವ ಸರ್ಕಾರಿ ಕೆಲಸದ ಗತಿ ಏನು? 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ನಡುವೆ ಒಂದು ಇಡೀ ಎಂ.ಎ. ಬ್ಯಾಚು ಬಂದು ಹೋಯಿತು. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ 2024ರ ಆಗಸ್ಟಿನಲ್ಲಿ ಕನ್ನಡ ಅನುವಾದವೇ ತಪ್ಪು. ಕನ್ನಡದಲ್ಲಿ ಬರೆದವರು ಗಲಾಟೆ ಮಾಡಿದ ಮೇಲೆ ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ. ಇದರ ನಡುವೆಯೇ ಪರಿಶಿಷ್ಟ ಜಾತಿಗಳೊಳಗಿನ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸರ್ಕಾರ ತಡೆಹಿಡಿಯಿತು. ಸಂಪುಟ ತೀರ್ಮಾನಿಸಿದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ಮೂರು ದಶಕದ ಹೋರಾಟದ ಫಲ, ಅದು ಆಗಬೇಕಾದದ್ದೇ. ಆದರೆ ಕಾಯುವ ಅವಧಿಯಲ್ಲಿ ಸವೆದದ್ದು ಅದೇ ಸಮುದಾಯಗಳ ಹುಡುಗರ ವಯಸ್ಸು. ಪದವಿ ಮುಗಿಸಿದ ನಿರುದ್ಯೋಗಿಗಳಿಗೆ ಸರ್ಕಾರ ತಿಂಗಳಿಗೆ ಕೊಡುವ ಯುವನಿಧಿಯ 3,000 ರೂಪಾಯಿ ಎರಡೇ ವರ್ಷ ಬರುತ್ತದೆ, ಅದೂ ಓದು ಮುಂದುವರಿಸದವರಿಗೆ. ಎಂ.ಎ. ಸೇರಿದರೆ ಅದು ಇಲ್ಲ. ಹೀಗಾಗಿ ಕೋರ್ಸು ಮುಗಿದವರು ಬಿ.ಎಡ್.ಗೋ ಎಲ್‌ಎಲ್‌ಬಿಗೋ ಪಿಎಚ್.ಡಿ.ಗೋ ಅರ್ಜಿ ಹಾಕಿ ಆವರಣದಲ್ಲೇ ಉಳಿಯುವ ದಾರಿ ನೋಡುತ್ತಾರೆ. ಅದೂ ಆಗದವನೇ ರೂಮಿನ ಆ ಮೂರನೆಯವನು.

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಆ ಏಳರಲ್ಲಿ ಬೀದರ್ ಬಿಟ್ಟು ಉಳಿದವೂ ಮಂಡ್ಯದಂಥ ಇನ್ನು ಕೆಲವೂ ಸೇರಿ ಒಂಬತ್ತು ಹೊಸ ವಿ.ವಿ.ಗಳನ್ನು ಮುಚ್ಚುವ ಕಡೆಗೆ ವಾಲಿತು. ವಿರೋಧ ಪಕ್ಷ ಗಲಾಟೆ ಮಾಡಿತು, ಊರಿನವರು ಬೀದಿಗಿಳಿದರು. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡಿಲ್ಲದೆ ತೆರೆದದ್ದು ತಪ್ಪು, ಹಾಗಂತ ಸುಮ್ನೆ ಬಾಗಿಲು ಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಚಿಕ್ಕ ಅಳುವಾರದಲ್ಲಿ ಪಿಜಿ ಇರುವುದರಿಂದಲೇ ಓದುತ್ತಿರುವ ಸೋಮವಾರಪೇಟೆ ಕಡೆಯ ಹುಡುಗಿ ಮಂಗಳೂರು ವಿ.ವಿ. ಇರುವ ಕೊಣಾಜೆಗೆ ಹೋಗುತ್ತಾಳೆ ಅನ್ನುವ ನಂಬಿಕೆ ನನಗಿಲ್ಲ. ಬೋರ್ಡಿನ ಮೇಲೆ ವಿಶ್ವವಿದ್ಯಾಲಯ ಅಂತಿರಲಿ, ಪಿಜಿ ಸೆಂಟರ್ ಅಂತಿರಲಿ, ಅವಳಿಗೆ ವ್ಯತ್ಯಾಸವಿಲ್ಲ. ಪಾಠ ಮಾಡುವವರು ಬೇಕು, ಹಾಸ್ಟೆಲ್ ಬೇಕು, ಬಸ್ಸು ನಿಲ್ಲಬೇಕು. ಕುಲಪತಿ, ಇಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ, ಅವರ ಕಾರುಗಳು ಹಳೇ ವಿ.ವಿ.ಗೆ ವಾಪಸು ಹೋದರೆ ಅವಳಿಗೆ ನಷ್ಟವೇನೂ ಇಲ್ಲ.

ಪಿಂಚಣಿಯ ಹೊರೆಯನ್ನು ಸರ್ಕಾರ ಪೂರ್ತಿ ಹೊತ್ತುಕೊಂಡರೆ ಮಿಕ್ಕಿದ್ದೆಲ್ಲ ಸ್ವಲ್ಪ ಉಸಿರಾಡುತ್ತದೆ. ದೊಡ್ಡ ಮಾತು ಅದು, ಬಜೆಟ್ಟಿನ ಮಾತು. ಚಿಕ್ಕದೊಂದನ್ನು ನಾಳೆಯೇ ಮಾಡಬಹುದು. ಪಾಸಾಗಿ ಹೋದವರಿಗೂ ಮೂರು ವರ್ಷ ರೀಡಿಂಗ್ ರೂಮಿನ ಕಾರ್ಡು ಕೊಡಿ, ಸ್ವಲ್ಪ ಶುಲ್ಕ ತಗೊಂಡು ಮೆಸ್ಸಿನಲ್ಲಿ ಊಟ ಕೊಡಿ, ಹುಡುಗಿಯರ ಹಾಸ್ಟೆಲಿನೊಳಗೇ ರಾತ್ರಿ ಹತ್ತರವರೆಗೆ ತೆರೆದಿರುವ ಒಂದು ಓದುವ ಕೋಣೆ ಮಾಡಿ. ಕುರ್ಚಿ, ಟ್ಯೂಬ್‌ಲೈಟು, ಒಬ್ಬರು ವಾಚ್‌ಮನ್. ಇದಕ್ಕೆ ಸಿಂಡಿಕೇಟ್ ಸಭೆಯಲ್ಲಿ ಒಂದು ಠರಾವು ಸಾಕು.